ಹನ್ನೊಂದನೆಯ ನಿಕಾಹ್

ದವಡೆ ಕಟ್ಟಲು ಅವಳು ಬಿಳಿ ಬಟ್ಟೆಯೊಂದನ್ನು ಉದ್ದಕ್ಕೆ ಹರಿಯುತ್ತಿದ್ದಳು. ಹಾಸಿಗೆ ಹೊಲಿಯುವವನ ಮನೆಯಲ್ಲಿ ಬಟ್ಟೆಗೇನೂ ಬರವಿರಲಿಲ್ಲ. ಒಂದೇ ಎಳೆತಕ್ಕೆ ನಾಲ್ಕು ಬೆರಳಗಲದ ಪಟ್ಟಿ ನೇರವಾಗಿ ಹರಿದು ಬಂತು. ಅದನ್ನು ಕಟ್ಟಬೇಕಾದ ಮುಖ ಎರಡು ಮಾರು ದೂರದಲ್ಲೇ ಇತ್ತು. ಆದರೂ ಅವಳು ಆ ಕೋಣೆಯ ಹೊಸ್ತಿಲು ದಾಟದೆ ಪಟ್ಟಿಯನ್ನು ಪಕ್ಕದ ಮನೆಯ ದರ್ಜಿಯ ಕೈಗೆ ಕೊಟ್ಟಳು.

"ನೀವೇ ಕಟ್ಟಿಬಿಡಿ."

ದರ್ಜಿ ಏನೂ ಕೇಳಲಿಲ್ಲ. ಬೀದಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಸಾವಿನ ಮನೆಯಲ್ಲಿ ಕೇಳುವುದೇನು? ಅವನು ಒಳಗೆ ಹೋಗಿ, ತೆರೆದುಕೊಂಡಿದ್ದ ಬಾಯಿಯನ್ನು ಮೆಲ್ಲಗೆ ಮುಚ್ಚಿ, ನೆತ್ತಿಯ ಮೇಲೆ ಗಂಟು ಹಾಕಿದ.

ಬೆಳಗಿನ ನಮಾಜಿಗೆ ಗಂಡ ಏಳದಿದ್ದಾಗ ಅವಳು ಬಾಗಿಲಲ್ಲೇ ನಿಂತು ಮೂರು ಸಲ ಕೂಗಿದ್ದಳು. ಹತ್ತಿರ ಹೋಗಿ ಭುಜ ಅಲುಗಿಸಿರಲಿಲ್ಲ. ಕೊನೆಗೆ ಗೋಡೆ ಬಡಿದು ದರ್ಜಿಯ ಹೆಂಡತಿಯನ್ನು ಕರೆದಳು. ಅವಳೇ ಒಳಗೆ ಹೋಗಿ ಕಾಲು ಮುಟ್ಟಿ ನೋಡಿ, "ಅಕ್ಕಾ, ತಣ್ಣಗಿದ್ದಾರೆ" ಎಂದು ಚೀರಿದ್ದಳು.

ಒಂಬತ್ತು ಗಂಟೆಗೆ ಅಣ್ಣ ಬಂದ. ಮರದ ವ್ಯಾಪಾರಿ, ಹಳೇ ಮಸೀದಿಯ ಕಮಿಟಿಯಲ್ಲಿ ದೊಡ್ಡ ಕುರ್ಚಿ. ಬಂದವನೇ ತಂಗಿಯ ತಲೆಯ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡ. ಅದು ಸುಳ್ಳು ಕಣ್ಣೀರಲ್ಲ.

"ಇನ್ನು ನೀನು ಈ ಮನೇಲೇ ಇದ್ದತ್ತು ಕೂತ್ಕೋ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡಬಾರದು. ಜೊತೆಗೆ ನಿನ್ನ ಅತ್ತಿಗೆಯನ್ನ ಕಳಿಸ್ತೀನಿ" ಎಂದ. ಆಮೇಲೆ ದನಿ ತಗ್ಗಿಸಿದ. "ಒಂದು ಮಾತು ಉಳಿದಿದೆ. ಕಮಿಟಿಯವರು ಕೂತಿದ್ದಾರೆ. ಕೊನೇ ನೀರು ಹಾಕೋಕೆ ಯಾರನ್ನೂ ಕಳಿಸಲ್ಲ, ನಮಾಜಿಗೂ ಬರಲ್ಲ ಅಂತಿದ್ದಾರೆ. ನಾನು ಕೈಕಾಲು ಹಿಡಿದು ಒಪ್ಪಿಸಿ ಬಂದಿದ್ದೀನಿ."

"ಏನಂತ?"

"ಸಾಯೋಕೆ ಮುಂಚೆ ತೌಬಾ ಮಾಡಿದ್ರು, ತಪ್ಪಾಯ್ತು ಅಂದ್ರು ಅಂತ ನೀನು ಹೇಳಿಬಿಡು. ಅಷ್ಟೇ. ಇನ್ನೂರು ಜನ ಬಂದು ಹೆಗಲು ಕೊಡ್ತಾರೆ."

"ಅವರು ಹಾಗೆ ಹೇಳಲಿಲ್ಲವಲ್ಲ ಅಣ್ಣಾ."

"ಹೇಳಿದ್ರೋ ಇಲ್ಲವೋ ಕೇಳಿದವರು ಯಾರಿದ್ದಾರೆ? ನೀನೊಬ್ಬಳೇ ತಾನೆ?"

ಅದಂತೂ ನಿಜ. ಮಕ್ಕಳಿಲ್ಲದ ಆ ಮನೆಯಲ್ಲಿ ಅವನ ಮಾತು ಕೇಳಲು ಇದ್ದವಳು ಅವಳೊಬ್ಬಳೇ.

*

ಬೀದಿಯ ಆ ತುದಿಗೆ ಹಳೇ ಮಸೀದಿ, ಈ ತುದಿಗೆ ಹೊಸ ಮಸೀದಿ. ನಡುವೆ ನೂರೈವತ್ತು ಹೆಜ್ಜೆ. ಅಲ್ಲಾಹ್ ಒಬ್ಬನೇ, ಕಿತಾಬು ಒಂದೇ, ಮುಖ ಮಾಡುವ ದಿಕ್ಕೂ ಒಂದೇ. ಆದರೆ ಪ್ರವಾದಿಗೆ ಸಲಾಮು ಹೇಳುವಾಗ ಅವರು ಎದ್ದು ನಿಲ್ಲುತ್ತಾರೆ, ಇವರು ನಿಲ್ಲುವುದಿಲ್ಲ. ಈ ಜಗಳಕ್ಕೆ ಎಷ್ಟು ವರ್ಷವಾಯಿತೆಂದು ಕೇಳಿದರೆ ಆ ಲೆಕ್ಕದಲ್ಲೂ ಇಬ್ಬರಿಗೆ ಒಮ್ಮತವಿಲ್ಲ.

ಎರಡು ಮಸೀದಿಗಳ ನಡುವೆ ಒಂದು ಹಾಸಿಗೆ ಅಂಗಡಿ. ಹತ್ತಿ ಹಿಂಜುವವನು ಹೊಸ ಮಸೀದಿಯವನು, ತುಂಬಿ ಹೊಲಿಯುವವನು, ಅವಳ ಗಂಡ, ಹಳೇ ಮಸೀದಿಯವನು. ಬಾಂಗು ಕೂಗಿದರೆ ಒಬ್ಬ ಎಡಕ್ಕೆ ಹೋಗುತ್ತಿದ್ದ, ಇನ್ನೊಬ್ಬ ಬಲಕ್ಕೆ. ಮುಗಿಸಿಕೊಂಡು ಬಂದು ಮತ್ತೆ ಒಂದೇ ಗುಡ್ಡೆ ಹತ್ತಿಯ ಎರಡು ಬದಿಗೆ ಕೂರುತ್ತಿದ್ದರು. ಎರಡೂ ಕಡೆಯ ಮದುಮಕ್ಕಳ ಜೋಡಿ ಹಾಸಿಗೆಗಳು ಅದೇ ಅಂಗಡಿಯಿಂದ ಹೋಗುತ್ತಿದ್ದವು. ಹಾಸಿಗೆ ಯಾರು ಮಾಡಿದರೆಂದು ಮಲಗಿದವರು ತಲೆ ಕೆಡಿಸಿಕೊಂಡದ್ದಿಲ್ಲ.

ಹನ್ನೆರಡು ವರ್ಷದ ಹಿಂದೆ ಹಿಂಜುವವನು ಸತ್ತ. ಹೊಸ ಮಸೀದಿಯ ಮೌಲವಿಗಳು ಜನಾಜಾ ನಮಾಜು ಮಾಡಿಸಿದರು. ಅವರ ಹಿಂದೆ, ಮೊದಲ ಸಾಲಿನಲ್ಲಿ, ಹಾಸಿಗೆಯವನು ನಿಂತ. ಅವನನ್ನು ನೋಡಿ ಹಳೇ ಮಸೀದಿಯ ಇನ್ನೂ ಹತ್ತು ಮಂದಿ ನಿಂತರು. ಮುಂದಿನ ಶುಕ್ರವಾರ ಹಳೇ ಮಸೀದಿಯ ಮೌಲವಿಗಳು ಗುಡುಗಿದರು: ಆ ಇಮಾಮನ ಹಿಂದೆ ನಿಂತವರ ನಂಬಿಕೆ, ಈಮಾನು, ಹೋಯಿತು, ಈಮಾನು ಹೋದವರ ನಿಕಾಹೂ ಮುರಿಯಿತು. ತೌಬಾ ಮಾಡಿ, ಕಲಿಮಾ ಓದಿ, ಕಟ್ಟಿಕೊಂಡ ಹೆಂಡತಿಯನ್ನೇ ಮತ್ತೆ ಕಟ್ಟಿಕೊಳ್ಳಬೇಕು.

ಹತ್ತು ಮಂದಿ ಒಂದೇ ಸಂಜೆ ಸಾಲಾಗಿ ಕೂತು ಮದುವೆಯಾದರು. ಹಿರಿಯ ವರನಿಗೆ ಎಪ್ಪತ್ತನಾಲ್ಕು. ಖರ್ಜೂರ ಹಂಚಿದವರು ಮೊಮ್ಮಕ್ಕಳು. ದರ್ಜಿಯದೂ ಅಂದೇ ಆಯಿತು. "ಒಪ್ಪಿಗೆ ಇದೆಯಾ ಅಂತ ಮೊದಲನೇ ಸಲ ಕೇಳಿದಾಗ ಹೆದರಿ ತಕ್ಷಣ ಒಪ್ಪಿದ್ದೆ. ಈ ಸಲ ಸ್ವಲ್ಪ ಹೊತ್ತು ಕಾಯಿಸಿದೆ" ಎಂದು ದರ್ಜಿಯ ಹೆಂಡತಿ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ಹನ್ನೊಂದನೆಯವನು ಮಾತ್ರ ಹೋಗಲಿಲ್ಲ.

"ಹೋಗಿ ಹೇಳಿಬಿಡ್ರೀ. ಐದು ನಿಮಿಷದ ಕೆಲಸ" ಎಂದು ಅವಳು ಅಂಗಲಾಚಿದಳು.

"ಐದು ನಿಮಿಷದ್ದೇ" ಎಂದ ಅವನು. "ಆದ್ರೆ ಅವನ ನಮಾಜಿಗೆ ನಿಂತದ್ದು ತಪ್ಪು ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ನನ್ನ ನಿಕಾಹ್ ಮುರಿದಿಲ್ಲ. ನಿನಗೇನನ್ನಿಸತ್ತೆ, ಮುರಿದಿದೆಯಾ?"

ಅವಳು ಉತ್ತರ ಹೇಳಬಹುದಿತ್ತು. ಇಪ್ಪತ್ತೇಳು ವರ್ಷ ಬಾಳಿದವಳು. ಆದರೆ ಅಣ್ಣನ ಮಾತು, ಮೌಲವಿಗಳ ಮಾತು, ನರಕದ ಮಾತು ಎಲ್ಲ ಎದೆಯೊಳಗೆ ಕೂತಿತ್ತು.

"ನನಗೆ ಭಯ ಆಗತ್ತೆ" ಎಂದಳು.

ಅವನು ತಲೆಯಾಡಿಸಿದ. ಮರುದಿನ ಅಂಗಡಿಗೆ ಹೋಗಲಿಲ್ಲ. ಮದುವೆಯ ವರ್ಷ ತಾನೇ ಹೊಲಿದಿದ್ದ ಜೋಡಿ ಹಾಸಿಗೆಯನ್ನು ಅಂಗಳಕ್ಕೆ ತಂದು, ಅಂಚಿನ ಹೊಲಿಗೆ ಬಿಚ್ಚಿ, ಹತ್ತಿಯನ್ನು ಕೈಯಲ್ಲೇ ಎರಡು ಗುಡ್ಡೆ ಮಾಡಿದ. ಸಂಜೆಯ ಹೊತ್ತಿಗೆ ಒಬ್ಬೊಬ್ಬರು ಮಲಗುವ ಎರಡು ಹಾಸಿಗೆಗಳು ಸಿದ್ಧವಾಗಿದ್ದವು.

"ಸಮ ಹಾಕಿದ್ದೀನಿ" ಎಂದ. "ನಿನ್ನದಕ್ಕೆ ಒಂದು ಹಿಡಿ ಹೆಚ್ಚೇ ಇದೆ."

ಅವಳು ತನ್ನದನ್ನು ಸುತ್ತಿಕೊಂಡು ಒಳಕೋಣೆಗೆ ಹೋದಳು. ನಾಲ್ಕು ದಿನದ ಮಾತು, ಆಮೇಲೆ ಅವನೇ ಸೋತು ಮಸೀದಿಗೆ ಹೋಗುತ್ತಾನೆ ಎಂದುಕೊಂಡಿದ್ದಳು. ಅವನು ಸೋಲಲೂ ಇಲ್ಲ, ಒಂದು ದಿನವೂ ಅವಳನ್ನು ದೂರಲೂ ಇಲ್ಲ. ಹಳೇ ಮಸೀದಿಗೇ ಹೋಗುತ್ತಿದ್ದ, ಕೊನೆಯ ಸಾಲಿನ ಮೂಲೆಯಲ್ಲಿ ನಿಲ್ಲುತ್ತಿದ್ದ. ಅವನನ್ನು ಯಾರೂ ತಡೆಯಲಿಲ್ಲ. ಆದರೆ ಅವನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಮನೆಯಲ್ಲೂ ಅಷ್ಟೇ. ಕೈಗೆ ಕೈ ತಾಕದ ಹಾಗೆ ಬದುಕುವುದನ್ನು ಇಬ್ಬರೂ ಕಲಿತರು. ವರ್ಷಗಳು ಕಳೆದ ಮೇಲೆ, ತನ್ನನ್ನು ತಡೆಯುತ್ತಿರುವುದು ಪಾಪದ ಭಯವೋ ಬರೀ ಅಭ್ಯಾಸವೋ ಎಂಬುದು ಅವಳಿಗೇ ತಿಳಿಯದಾಯಿತು.

*

ಮಧ್ಯಾಹ್ನದ ಬಿಸಿಲು ಏರಿತು. ಹೆಣ ಕಾಯುತ್ತಿತ್ತು.

ಹಿಂಜುವವನ ಮಗ ಅಂಗಡಿಯ ಷಟರ್ ಎಳೆದು, ಹೊಸ ಮಸೀದಿಯವರನ್ನು ಕಂಡು ಬಂದ. ನಲವತ್ತು ದಾಟಿದವನು, ಮೂರು ಮಕ್ಕಳ ತಂದೆ. ಹುಬ್ಬಿನ ಮೇಲೆ ಹತ್ತಿ ಇನ್ನೂ ಹಾಗೇ ಇತ್ತು.

"ಚಿಕ್ಕಮ್ಮಾ, ನಮ್ಮ ಮಸೀದಿಯವರು ಎಲ್ಲ ಮಾಡ್ತಾರೆ. ನೀರು ಹಾಕೋರು ಇದ್ದಾರೆ, ಹೊರೋ ಮಂಚ ಇದೆ, ಜನ ಇದ್ದಾರೆ. ಆದ್ರೆ..." ಅವನು ನೆಲ ನೋಡಿದ. "ಚಿಕ್ಕಪ್ಪ ಮನಸ್ಸಲ್ಲಿ ನಮ್ಮ ಕಡೆ ಬಂದಿದ್ರು ಅಂತ ನೀವು ಹೇಳಬೇಕಂತೆ. ನಾಳೆ ಆ ಕಡೆಯವರು ಜಗಳಕ್ಕೆ ಬಂದ್ರೆ ಕಷ್ಟ ಅಂತಾರೆ."

"ಬಂದಿದ್ರಾ?"

"ಇಲ್ಲ ಚಿಕ್ಕಮ್ಮಾ. ನಾನೇ ಎಷ್ಟೋ ಸಲ ಕರೆದೆ. ನಾನು ಎಲ್ಲೂ ಹೋಗಿಲ್ಲ, ಬರೋದೆಲ್ಲಿಂದ, ಅಂತಿದ್ರು."

ಅವಳಿಗೆ ಮೊದಲ ಸಲ ಅಳು ಬಂತು. ಆ ಕಡೆಯವರಿಗೂ ಒಂದು ಸುಳ್ಳು ಬೇಕು, ಈ ಕಡೆಯವರಿಗೂ ಒಂದು ಸುಳ್ಳು ಬೇಕು. ಯಾವುದನ್ನು ಹೇಳಿದರೂ ಬೀದಿ ತುಂಬ ಜನ, ಹೇಳದಿದ್ದರೆ ಅವನಿಗೆ ಒಂದು ಕೊಡ ನೀರಿಗೂ ಗತಿಯಿಲ್ಲ. ಅವನು ಒಂದು ಮಾತು ಆಡಿದ್ದರೆ ಹನ್ನೆರಡು ವರ್ಷ ಒಂಟಿಯಾಗಿ ಮಲಗಬೇಕಿರಲಿಲ್ಲ. ಈಗ ಎದ್ದು ಕೂತು ಬೇಡವೆಂದು ಹೇಳಲಾರದ ಸ್ಥಿತಿಯಲ್ಲಿರುವಾಗ ಆ ಮಾತನ್ನು ಅವನ ಬಾಯಿಗೆ ತುರುಕುವುದು ಹೇಗೆ?

ಹೊರಗಿನ ಮೆಟ್ಟಿಲ ಮೇಲೆ ನೀರಜ್ಜ ಕೂತಿದ್ದ. ಹಳೇ ಮಸೀದಿಯ ಸತ್ತವರಿಗೆಲ್ಲ ಕೊನೆಯ ನೀರು ಹಾಕುವವನಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಮುಟ್ಟಬೇಡವೆಂದು ಕಮಿಟಿ ಹೇಳಿತ್ತು. ಆದರೂ ಸಾವಿನ ಸುದ್ದಿ ಕೇಳಿದ ಕಾಲು ತಾನಾಗಿಯೇ ಎಳೆದು ತಂದಿತ್ತು.

ಅವಳು ಬಾಗಿಲ ಮರೆಯಿಂದ ಕೇಳಿದಳು. "ಅಜ್ಜಾ, ಗಂಡನಿಗೆ ಹೆಂಡತಿ ನೀರು ಹಾಕಬಹುದಾ?"

ನೀರಜ್ಜ ತಲೆಯೆತ್ತಿದ. "ಹಾಕಬಹುದು ತಾಯಿ. ನಾವೂ ಒಪ್ತೀವಿ, ಅವರೂ ಒಪ್ತಾರೆ. ಇದೊಂದರಲ್ಲಿ ಜಗಳ ಇಲ್ಲ." ಮತ್ತೆ ತಲೆ ತಗ್ಗಿಸಿ, "ಹೆಂಡತಿ ಆಗಿರಬೇಕು, ಅಷ್ಟೇ" ಎಂದ.

"ಅದೇ ತಾನೆ ಪ್ರಶ್ನೆ!" ಅಣ್ಣ ನಡುವೆ ಬಂದ. "ನಿಕಾಹೇ ಇಲ್ಲ ಅಂದ ಮೇಲೆ ಇವಳು ಅವನಿಗೆ ಯಾರು? ಪರಸ್ತ್ರೀ. ಮುಟ್ಟಿದ್ರೆ ಗುನಾಹ್."

"ಹಾಗಾದ್ರೆ ಬೆಳಿಗ್ಗೆ ಇದ್ದತ್ತು ಕೂತ್ಕೋ ಅಂದ್ಯಲ್ಲ ಅಣ್ಣಾ" ಎಂದಳು ಅವಳು. "ಯಾರಿಗೋಸ್ಕರ?"

ಅಣ್ಣ ಚಪ್ಪಲಿ ಬಿಟ್ಟಿದ್ದ ಕಡೆ ತಿರುಗಿದ.

"ಪರಪುರುಷ ಸತ್ರೆ ಯಾರಾದ್ರೂ ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂರ್ತಾರಾ? ಕೂರೋಕೆ ನಾನು ಹೆಂಡತಿ, ನೀರು ಹಾಕೋಕೆ ಅಲ್ವಾ? ನೀನೇ ಹೇಳು. ಇಲ್ಲಿ ಎಲ್ಲರ ಎದುರಿಗೆ ಹೇಳು."

ಮಾತಿನಲ್ಲಿ ಗೆದ್ದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಈ ಪ್ರಶ್ನೆಯನ್ನು ಅಣ್ಣನನ್ನು ಕೇಳುವುದು ಇಷ್ಟು ಸುಲಭವಾಗಿತ್ತು. ತನಗೆ ತಾನೇ ಕೇಳಿಕೊಳ್ಳಲು ಹನ್ನೆರಡು ವರ್ಷ ಸಾಲಲಿಲ್ಲ.

"ನಿನ್ನ ಕರ್ಮ" ಎಂದು ಅಣ್ಣ ಚಪ್ಪಲಿ ಮೆಟ್ಟಿದ. "ನಮಾಜಿಗೆ ಯಾರು ನಿಲ್ತಾರೋ ನಾನೂ ನೋಡ್ತೀನಿ."

"ನಾನು ನಿಲ್ತೀನಿ" ಎಂದ ಹಿಂಜುವವನ ಮಗ. "ಯಾರೂ ಬರದಿದ್ರೆ ನಾನೇ ನಮಾಜು ಮಾಡಿಸ್ತೀನಿ."

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, "ಹೋಗಿ ನಿಂತ್ಕೊಳ್ಳಿ. ಮುರಿದರೆ ಮುರೀಲಿ. ಮೂರನೇ ಸಲಾನೂ ಒಪ್ಕೋತೀನಿ" ಎಂದಳು.

ಹೊರಗೆ ಅಣ್ಣನ ಬೈಕು ಶಬ್ದ ಮಾಡಿ ದೂರವಾಯಿತು.

*

ಅಂಗಳದ ಮೂಲೆಗೆ ಹಲಗೆ ಹಾಕಿ ಸುತ್ತ ಚಾದರ ಕಟ್ಟಿದರು. ಹೆಣವನ್ನು ದುಪ್ಪಟಿಯ ಸಮೇತ ಎತ್ತಿ ತರುವಾಗ ನೀರಜ್ಜನೂ ಒಂದು ಮೂಲೆ ಹಿಡಿದ. ಮುಟ್ಟಬಾರದು ಎಂದಿದ್ದರೇ ಹೊರತು ದುಪ್ಪಟಿ ಹಿಡಿಯಬಾರದು ಎಂದಿರಲಿಲ್ಲ. ಆಮೇಲೆ ಎಲ್ಲರೂ ಹೊರಗೆ ಹೋದರು. ಚಾದರದ ಒಳಗೆ ಅವಳೊಬ್ಬಳು, ಅವನು.

"ಮೊದಲು ಕೈ, ಬಾಯಿ, ಮುಖ" ಎಂದು ಹೊರಗಿನಿಂದ ನೀರಜ್ಜನ ದನಿ ಬಂತು. "ನಿಧಾನಕ್ಕೆ ತಾಯಿ. ಅವರಿಗೇನೂ ಅವಸರ ಇಲ್ಲ."

ಹಿಂಜುವವನ ಮಗ ಚಾದರದ ಕೆಳಗಿನಿಂದ ಬೆಚ್ಚನೆಯ ನೀರಿನ ಕೊಡ ತಳ್ಳಿದ.

ಅವಳು ಅವನ ಬಲಗೈ ಹಿಡಿದಳು. ಹೆಬ್ಬೆರಳು ಸೂಜಿ ತಳ್ಳಿ ತಳ್ಳಿ ಕಲ್ಲಾಗಿತ್ತು. ಅವಳು ಕೊನೆಯ ಸಲ ಹಿಡಿದಾಗ ಇಷ್ಟು ಗಟ್ಟಿಯಿರಲಿಲ್ಲ. ಗಡ್ಡದೊಳಗೆ ಬೆರಳಾಡಿಸಿ ತೊಳೆದಳು. ಅದು ಯಾವಾಗ ಇಷ್ಟು ತೆಳ್ಳಗಾಯಿತೋ. ಒಂದೇ ಸೂರಿನ ಕೆಳಗೆ ಇದ್ದುಕೊಂಡೇ ಒಬ್ಬ ಮನುಷ್ಯ ಮುದುಕನಾದದ್ದನ್ನು ಅವಳು ದೂರದಿಂದ ಮಾತ್ರ ನೋಡಿದ್ದಳು.

"ಈಗ ಎಡಮಗ್ಗುಲಿಗೆ ಹೊರಳಿಸು. ಬಲಗಡೆ ಮೊದಲು."

ಹೊರಳಿಸಿದಳು. ಅಷ್ಟೇನೂ ಭಾರವಿರಲಿಲ್ಲ. ಬಲ ಪಕ್ಕೆಲುಬಿನ ಕೆಳಗೆ ನೀರು ಹಾಕುವಾಗ ಬೆರಳಿಗೆ ಏನೋ ತಡೆಯಿತು. ಬಗ್ಗಿ ನೋಡಿದಳು. ಒಂದು ಗೇಣುದ್ದದ ಗಾಯದ ಗುರುತು. ಎರಡೂ ಬದಿಗೆ ಹೊಲಿಗೆಯ ಚುಕ್ಕೆಗಳು. ಅವಳಿಗೆ ಗೊತ್ತಿದ್ದ ಮೈಯಲ್ಲಿ ಅದು ಇರಲಿಲ್ಲ.

"ಮಗಾ" ಎಂದು ಕರೆದಳು. "ಇವರ ಹೊಟ್ಟೆ ಮೇಲೆ ಇದೇನಿದು?"

ಚಾದರದ ಆಚೆ ಅವನು ಕೈಯಲ್ಲಿದ್ದ ಕೊಡ ಕೆಳಗಿಟ್ಟ.

"ನಾಲ್ಕು ವರ್ಷ ಆಯ್ತು ಚಿಕ್ಕಮ್ಮಾ. ಹತ್ತಿ ತರೋಕೆ ಹೋಗ್ತೀನಿ ಅಂತ ಎಂಟು ದಿನ ಹೋಗಿದ್ರಲ್ಲ, ಆಗ. ಪಿತ್ತಕೋಶದಲ್ಲಿ ಕಲ್ಲು. ಆಸ್ಪತ್ರೇಲಿ ನಾನೇ ಜೊತೇಲಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಬೇಡ ಅಂದ್ರು. ಗೊತ್ತಾದ್ರೆ ಅವಳು ನೋಡ್ಕೋಬೇಕಾಗತ್ತೆ, ಮುಟ್ಟಬೇಕಾಗತ್ತೆ. ಆಮೇಲೆ ಪಾಪ ಮಾಡಿದೆ ಅಂತ ಹೆದರ್ಕೊಂಡು ಕೂರ್ತಾಳೆ, ಬೇಡ ಅಂದ್ರು."

ಅವನು ಹಿಂದಿರುಗಿದ ದಿನ ಅವಳಿಗೆ ನೆನಪಿತ್ತು. "ಹತ್ತಿ ಚೆನ್ನಾಗಿತ್ತಾ?" ಎಂದು ಕೇಳಿದ್ದಳು. "ಚೆನ್ನಾಗಿತ್ತು" ಎಂದಿದ್ದ. ತಟ್ಟೆಯನ್ನು ನೆಲದ ಮೇಲಿಟ್ಟು ಸರಿದು ನಿಂತಿದ್ದಳು. ಅವನು ತಟ್ಟೆಯನ್ನೇ ನೋಡುತ್ತ ಗೋಡೆ ಹಿಡಿದು ನಿಂತಿದ್ದ, ಬಗ್ಗಲಿಲ್ಲ. ಹಸಿವಿಲ್ಲ ಎಂದಿದ್ದ. ಪ್ರಯಾಣದ ಸುಸ್ತಿರಬೇಕು ಎಂದುಕೊಂಡು ಅವಳು ತಟ್ಟೆ ಎತ್ತಿಕೊಂಡು ಹೋಗಿದ್ದಳು.

"ಮೂರು ಸಲ ಆಯ್ತಾ ತಾಯಿ?" ನೀರಜ್ಜ ಕೇಳಿದ.

"ಆಯ್ತು."

"ಹಾಗಿದ್ರೆ ಸಾಕು. ಒರೆಸಿಬಿಡು."

"ಇನ್ನೂ ಹಾಕಬಹುದಾ ಅಜ್ಜಾ?"

"ಐದು ಹಾಕಬಹುದು. ಏಳೂ ಹಾಕಬಹುದು. ಬೆಸ ಇದ್ರೆ ಆಯ್ತು."

"ನೀರು ಕೊಡಿ."

ಕೊಡ ಒಳಗೆ ಬಂತು. ಅವಳು ಆ ಗುರುತಿನ ಮೇಲೆ ಎಡ ಅಂಗೈಯನ್ನು ಪೂರ್ತಿ ಇಟ್ಟು, ಬಲಗೈಯಲ್ಲಿ ಚೊಂಬು ಹಿಡಿದು, ನೋವಾದೀತೇನೋ ಎಂಬಂತೆ ಮೆಲ್ಲಗೆ ನೀರು ಬಿಡತೊಡಗಿದಳು.