ಸೀಟಿನ ಕೆಳಗಿನ ಹಲ್ಲಿ

ನನ್ನ ಮದುವೆಗೆ ಒಪ್ಪಿಗೆ ಕೊಟ್ಟದ್ದು ಒಂದು ಹಲ್ಲಿ. ಅದೂ ನಿಜವಾದ ಹಲ್ಲಿಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು!

ಮೂವತ್ತೆಂಟನೇ ಇಸವಿಯಲ್ಲಿ ನಮ್ಮಪ್ಪ ವೆಂಕಟರಾಯಪ್ಪ ಚಿನ್ನದ ಗಣಿಯ ದೊರೆಯೊಬ್ಬನ ಹಳೇ ಕಾರು ಕೊಂಡು ಮುಳಬಾಗಿಲಿಗೆ ತಂದರು. ಎಂಜಿನ್ನಿಗೆ ಪೆಟ್ರೋಲು ದಬ್ಬುವ ಕರೆಂಟಿನ ಪಂಪು ಹಿಂದಿನ ಸೀಟಿನ ಕೆಳಗಿತ್ತು. ಒಂದು ದಿನ ಶ್ರೀನಿವಾಸಪುರದಿಂದ ಬಂದಿದ್ದ ಅಪ್ಪನ ಅಕ್ಕ, ನಮ್ಮ ಮುನಿಶಾಮತ್ತೆ, ಆ ಸೀಟಿನ ಮೇಲೆ ಕೂತು, "ಲೇ ವೆಂಕಟರಾಯ, ನನ್ ಮಗ ಶ್ರೀನಿವಾಸಪ್ಪಂಗೆ ನಿನ್ ಮಗ್ಳು ಮುನಿಯಲ್ಲೀನೇ ತಂದ್ಕೋತೀನಿ ಕಣೋ" ಎಂದಳು. ಕೆಳಗಿನಿಂದ ಲೊಚ್ ಲೊಚ್ ಲೊಚ್!

"ಕೃಷ್ಣ ಕೃಷ್ಣ!" ಅತ್ತೆ ಬೆರಳಿನಿಂದ ಸೀಟು ಕುಟ್ಟಿದಳು. "ನೋಡ್ದಾ, ಹಲ್ಲಿ ನುಡೀತು!"

ಮಾತಿನ ಹಿಂದೆಯೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ. ನಮ್ಮಲ್ಲಿ ಅದಕ್ಕೆ ಎದುರು ಹೇಳುವವರಿಲ್ಲ. ಅಪ್ಪನೋ, ಅಕ್ಕನ ಮುಂದೆ ಕೆಮ್ಮುವುದಕ್ಕೂ ಹೆದರುವವರು. ಇನ್ನು ಆ ಶ್ರೀನಿವಾಸಪ್ಪ ಮುದ್ದೆ ಮುರಿಯುತ್ತ ಮುರಿಯುತ್ತಲೇ ತೂಕಡಿಸುವ ಪುಣ್ಯಾತ್ಮ. ನನ್ನನ್ನು ಒಂದು ಮಾತು ಕೇಳಿದರೇ? ಮೈಯೆಲ್ಲ ಉರಿದುಹೋಯಿತು.

ಮದುವೆ ಸೀರೆಗೆಂದು ಮೂವರೂ ಕೋಲಾರಕ್ಕೆ ಹೊರಟೆವು. ಹಳ್ಳ ಸಿಕ್ಕಾಗಲೆಲ್ಲ ಕಾರು ಮುಗ್ಗರಿಸುವುದು, ನಿಲ್ಲುವುದು, ಆಮೇಲೆ ಲೊಚಲೊಚ. ಅಂತೂ ಕೋಲಾರದ ಊರ ಬಾಗಿಲಲ್ಲಿ, ಮೆಕ್ಯಾನಿಕ್ ಜಾನ್ ಪಾಷಾ ಅವರ ಶೆಡ್ಡಿನ ಮುಂದೆಯೇ ಕೆಟ್ಟು ನಿಂತಿತು. ಶುಭಕಾರ್ಯಕ್ಕೆ ಹೊರಟವರು ನಡುವೆ ಇಳಿಯಬಾರದೆಂದು ಅತ್ತೆ ಸೀಟು ಬಿಡಲಿಲ್ಲ. ನಾನು ಮಾತ್ರ ಇಳಿದು ಹಿಂದಕ್ಕೆ ಹೋದೆ.

ಪಾಷಾ ಕಾರಿನ ಹಿಂದೆ ಕೂತು, ಸೀಟಿನ ಅಡಿಗೆ ಕೈ ಹಾಕಿ, ಸಣ್ಣ ಬಲ್ಬೊಂದನ್ನು ಪಂಪಿನ ತಂತಿಗೆ ಹಿಡಿದರು. ಹತ್ತಿತು.

"ಕರೆಂಟು ಬರ್ತಾ ಐತೆ. ವಾಪಸ್ ಹೋಗೋ ದಾರೀನೇ ಕೆಟ್ಟಿರೋದು" ಎಂದು ಇನ್ನೊಂದು ತಂತಿ ತೋರಿಸಿದರು. ಅದು ಕಾರಿನ ಕಬ್ಬಿಣಕ್ಕೆ ಸೇರುವ ಕಡೆ ಬೋಲ್ಟು ಸಡಿಲವಾಗಿ ತುಕ್ಕು ಹಿಡಿದಿತ್ತು. "ಕುಲುಕಿದ್ರೆ ತಂತಿ ಬಿಡ್ತದೆ, ಪಂಪು ನಿಲ್ತದೆ. ತಿರುಗಾ ತಗುಲಿದ್ರೆ, ಖಾಲಿ ಆಗಿರೋದನ್ನ ತುಂಬೋಕೆ ಬಡ್ಕೊಳ್ತದೆ. ಅದೇ ಈ ಸದ್ದು."

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಹಲ್ಲಿಯಂತೆ ಹಲ್ಲಿ!

ಪಾಷಾ ತಂತಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಪೆಟ್ರೋಲು ಸರಿಯಾಗಿ ಬರುತ್ತದೆಯೋ ನೋಡಲು ಮುಂದಕ್ಕೆ ಹೋದರು. ಎಂಜಿನ್ನಿನ ಪೈಪು ಕಳಚಿ ಬಾಟಲಿಗೆ ಬಿಟ್ಟು, "ಮುಟ್ಟಿಸು ಬೇಟೀ!" ಎಂದು ಕೂಗಿದರು.

ಅಷ್ಟರಲ್ಲಿ ಮೇಲಿನಿಂದ ಅತ್ತೆ, "ಈ ತಿಂಗಳಲ್ಲೇ ಮದುವೆ ಮುಗಿಸಿಬಿಡೋಣ" ಎಂದಳು. ನಾನು ಮುಟ್ಟಿಸುತ್ತೇನೆಯೇ? ಕಿವುಡಿಯಂತೆ ಕೂತೆ.

"ಯಾಕೋ, ಹಲ್ಲಿ ಸುಮ್ಮನಾಯ್ತು?"

"ಗಲಾಟೆಗೆ ಹೆದರಿರ್ಬೇಕಕ್ಕಾ" ಎಂದರು ಅಪ್ಪ.

"ಅಥವಾ ನಮ್ ಮುನಿಯಲ್ಲಿಗೆ ನನ್ ಮಗ ಇಷ್ಟ ಇಲ್ವೋ ಏನೋ."

ತಂತಿಯನ್ನು ಕಬ್ಬಿಣಕ್ಕೆ ಒತ್ತಿ ಹಿಡಿದೆ. ಲೊಚ್ ಲೊಚ್ ಲೊಚ್ ಲೊಚ್!

"ಸಾಕು ಬೇಟೀ! ಬಾಟ್ಲಿ ತುಂಬ್ತು! ಯಾ ಅಲ್ಲಾ, ಚೆಲ್ತಾ ಐತೆ!" ಪಾಷಾ ಬಡಕೊಂಡರು. ನಾನು ಬಿಡಲಿಲ್ಲ.

ಅತ್ತೆ ಬಾಗಿಲು ತೆಗೆದು ಬಗ್ಗಿ ನೋಡಿದಳು. "ಹಲ್ಲಿ ಬಾಲ ಬಿಟ್ಟು ಎದ್ದೇಳೇ."

ಎದ್ದೆ.

"ಪಾಷಾ ಹೇಳಿದ್ದು ನನಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ? ಈಗ ಬಾಯಲ್ಲಿ ಹೇಳು."

ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. "ನಂಗಿಷ್ಟ ಇಲ್ಲ ಅತ್ತೆ" ಎಂದೆ. ಅಪ್ಪ ತಲೆ ತಗ್ಗಿಸಿದರು. ಅತ್ತೆಯ ಮುಖ ಸಣ್ಣದಾಯಿತು. ನನಗೆ ಅಯ್ಯೋ ಅನಿಸಿತು.

ಪಾಷಾ ತುಕ್ಕು ಉಜ್ಜಿ ಬೋಲ್ಟು ಬಿಗಿದರು. ಪಂಪಿನೊಳಗೆ ಕಿಡಿ ಹಾರಿ ಕಪ್ಪಾಗಿದ್ದ ಜಾಗವನ್ನೂ ಒರೆಸಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ಸೀರೆ ಅಂಗಡಿಗೆ ತಾನೇ ಅಕ್ಕಾ?" ಅಪ್ಪ ಹೆದರುತ್ತಲೇ ಕೇಳಿದರು.

"ಯಾವ ಸೀರೆ? ತಿರುಗ್ಸು ಗಾಡೀನ. ಹಲ್ಲಿ ಬೇಡ ಅಂತು ಅಂತ ನಿಮ್ ಭಾವಂಗೆ ನಾನೇ ಹೇಳ್ತೀನಿ. ಇವಳ ಹೆಸರೆತ್ತಿದ್ರೆ ನೋಡು ಮತ್ತೆ!"

ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಅಪ್ಪನಿಗೆ ಕೇಳಿಸದಂತೆ ಹೇಳಿದಳು: "ನನ್ ಮದುವೇಲೂ ಹಲ್ಲೀನೇ ನುಡೀತಂತೆ ಕಣೇ. ಆ ಹಲ್ಲಿಗೆ ತಂತಿ ಇರ್ಲಿಲ್ಲ."