ದೊಡ್ಡಕ್ಕನ ‘ಕಮಿಂಗ್’

ಕಣ್ಣಿನ ವಾರ್ಡಿನ ಆಯಾಳನ್ನು ಡಾಕ್ಟರುಗಳೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಕೆಗೆ ಬರುತ್ತಿದ್ದ ಇಂಗ್ಲಿಷ್ ಮಾತು ಹೆಚ್ಚೆಂದರೆ ಮೂವತ್ತು. ಆದರೆ ಆಡುವ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಓದಿದವರೆಲ್ಲ ತಡವರಿಸುತ್ತ ನಿಂತಾಗ ಈಕೆ ನುಗ್ಗಿಬಿಡುತ್ತಿದ್ದಳು. ಹಾಗಾಗಿಯೇ ಹನ್ನೊಂದನೇ ಮಂಚದ ಅಜ್ಜಿ ಆಕೆಯ ಪಾಲಿಗೆ ಬಂದಿದ್ದು. ಎರಡೂ ಕಣ್ಣಿಗೆ ಪಟ್ಟಿ, ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು, ಜೊತೆಗೆ ಯಾರೂ ಇಲ್ಲ. ಎರಡೇ ದಿನದಲ್ಲಿ ಅಜ್ಜಿ ದೊಡ್ಡಕ್ಕನ ಚಪ್ಪಲಿಯ ಸದ್ದು ಗುರುತಿಸಿ ಕೈ ಚಾಚುವಷ್ಟು ಹಚ್ಚಿಕೊಂಡಿದ್ದರು.

ಮೂರನೇ ದಿನ ಬೆಳಿಗ್ಗೆ ಸಿಸ್ಟರ್ ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

“ನಿನ್ನೆ ಎರಡು ಗಂಟೆಗೆ ಮನೆಗೆ ಹೊರಡೋವಾಗ ಅವರಿಗೆ ಏನಂದ್ರಿ?”

“ಐ ಆಮ್ ಕಮಿಂಗ್ ಅಂದೆ. ಬರ್ತೀನಿ ಅಂತ.”

“ಈಗ ಬಂದ್ಬಿಡ್ತೀರಿ ಅಂತ ಅವರು ಕಾದಿದ್ದೇ ಕಾದಿದ್ದು. ಬೇರೆಯವರ ಕೈಲಿ ಒಂದು ಗುಟುಕು ಸೂಪು ಕುಡೀಲಿಲ್ಲ. ಹೀಗೆ ಉಪವಾಸ ಬಿದ್ರೆ ಗತಿ ಏನು? ಹೊರಡೋವಾಗ ಗೋಯಿಂಗ್ ಅನ್ಬೇಕು ದೊಡ್ಡಕ್ಕ.”

“ಕಾಯಿಲೆಯವರ ಮುಂದೆ ಹೋಗ್ತೀನಿ ಅನ್ನೋದಾ? ಬಿಡ್ತು ಅನ್ನಿ ಸಿಸ್ಟರ್.”

ಬಾಯಲ್ಲಿ ಹಾಗಂದರೂ ದೊಡ್ಡಕ್ಕ, ತನ್ನ ಒಂದು ಮಾತು ನಂಬಿ ಆ ಮುದಿಜೀವ ಹಸಿದುಕೊಂಡು ಕೂತಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೆಡ್‌ಶೀಟ್ ಬದಲಿಸುತ್ತ, ನೆಲ ಒರೆಸುತ್ತ, ಗೋಯಿಂಗ್ ಗೋಯಿಂಗ್ ಎಂದು ಉರು ಹೊಡೆದಳು.

ಎರಡು ಗಂಟೆಗೆ ಅಜ್ಜಿಯ ಕೈ ಹಿಡಿದು ಒಂದೇ ಉಸಿರಿಗೆ ಹೇಳಿದಳು. “ಐ ಆಮ್ ಗೋಯಿಂಗ್.”

ಅಜ್ಜಿಯ ಮುಖ ಸಣ್ಣಗಾಯಿತು. ಹಿಡಿದ ಕೈ ಬಿಡಲಿಲ್ಲ. “ನಾಟ್ ಕಮಿಂಗ್?”

ಆ ದನಿ ಕೇಳಿದ್ದೇ ತಡ, ಬೆಳಗಿನಿಂದ ಕಲಿತಿದ್ದೆಲ್ಲ ಗಾಳಿಗೆ ಹಾರಿಹೋಯಿತು. “ಗೋ ಅಂಡ್ ಕಮ್,” ಎಂದಳು ದೊಡ್ಡಕ್ಕ. “ಟುಮಾರೋ. ಸೆವೆನ್. ನೌ ಸೂಪ್ ಡ್ರಿಂಕ್.”

“ಗೋ ಅಂಡ್ ಕಮ್,” ಎಂದು ಅಜ್ಜಿ ತಾವೂ ಒಮ್ಮೆ ಹೇಳಿ ನೋಡಿದರು. ಆಮೇಲೆ ನಕ್ಕು, ಮುಂದಿನ ಪಾಳಿಯ ಆಯಾ ಹಿಡಿದಿದ್ದ ಚಮಚಕ್ಕೆ ಬಾಯಿ ತೆರೆದರು.

ಮರುದಿನ ಏಳಕ್ಕೆ ಸರಿಯಾಗಿ ದೊಡ್ಡಕ್ಕ ವಾರ್ಡಿನಲ್ಲಿ ಹಾಜರು. ಸಿಸ್ಟರ್ ಗೋಡೆಯ ಮೇಲಿನ ಡ್ಯೂಟಿ ಚಾರ್ಟ್ ನೋಡಿ ಹುಬ್ಬೇರಿಸಿದಳು.

“ಇವತ್ತು ನಿಮ್ಮ ವಾರದ ರಜ ಅಲ್ವಾ ದೊಡ್ಡಕ್ಕ?”

“ರಜಾನೇ. ನಮ್ಮ ಮಾತಲ್ಲಿ ಬರ್ತೀನಿ ಅಂದಿದ್ರೆ ಮನೇಲಿ ಮಲಗಿರಬಹುದಿತ್ತು,” ಎನ್ನುತ್ತ ದೊಡ್ಡಕ್ಕ ಹನ್ನೊಂದನೇ ಮಂಚದತ್ತ ನಡೆದಳು. “ಇಂಗ್ಲಿಷಲ್ಲಿ ಕಮ್ ಅಂದ್ರೆ ಬರಲೇಬೇಕಂತೆ. ನೀವೇ ಹೇಳಿಕೊಟ್ಟಿದ್ದು.”