ಹುಲಿಗೆಮ್ಮನ ಬೆನ್ನು

ಮಂಚದ ಕೆಳಗಿನಿಂದ ಕವನ ಚಿತ್ರವನ್ನು ಎಳೆದಳು. ಚೌಕಟ್ಟು ಸಿಮೆಂಟು ನೆಲಕ್ಕೆ ಉಜ್ಜಿ ಸದ್ದಾಯಿತು. ಹೊರಗೆ ಚಟ್ಟ ಕಟ್ಟುತ್ತಿದ್ದವರು ತಲೆ ಎತ್ತಿ ನೋಡಿದರು.

"ಅದನ್ನ್ಯಾಕೆ ತೆಗೀತಿದ್ದೀಯ?" ಅವಳ ಅಪ್ಪ ಪರಮೇಶ್ ಬಾಗಿಲಲ್ಲಿ ನಿಂತಿದ್ದ.

"ಅತ್ತೆ ತಲೆ ಹತ್ರ ಇಡೋಕೆ."

ಪರಮೇಶನ ಅಕ್ಕ ಹುಲಿಗೆಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ಅವಳ ವೋಟರ್ ಕಾರ್ಡಿನ ಫೋಟೋವನ್ನು ಅವನು ಆಗಲೇ ಭದ್ರಾವತಿ ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದಿದ್ದ. ಸ್ಟುಡಿಯೋದವನು ತುಟಿಗೆ ಬಣ್ಣ ಕೊಟ್ಟು, ಅವಳು ಎಂದೂ ಇಡದಷ್ಟು ದೊಡ್ಡ ಬೊಟ್ಟು ಇಟ್ಟಿದ್ದ.

ಕವನ ತೆಗೆದದ್ದು ಹುಲಿಗೆಮ್ಮ ತಾನೇ ಬರೆದುಕೊಂಡ ತನ್ನ ಚಿತ್ರ. ಅದರಲ್ಲಿ ಮುಖವಿರಲಿಲ್ಲ. ನರೆ ಸೇರಿದ ಜಡೆ, ಬೆವರಿಗೆ ಅಂಟಿದ ನೀಲಿ ರವಿಕೆ, ತುಸು ಇಳಿದ ಬಲ ಭುಜ. ನಡೆದು ಹೋಗುತ್ತಿರುವ ಹೆಂಗಸಿನ ಬೆನ್ನು.

"ಬೆನ್ನಿಗೆ ಹಾರ ಹಾಕ್ತಾರೇನೆ ಮಾರಾಯ್ತಿ?" ಎಂದಳು ಪಕ್ಕದ ಮನೆಯ ಈಶ್ವರಮ್ಮ.

ಪಾಪ, ಅವಳಿಗೆ ಮುಖ ಬರೆಯಲು ಬರುತ್ತಿರಲಿಲ್ಲ ಎಂದು ಯಾರೋ ಹೇಳಿದರು. ಬೀದಿಯಲ್ಲಿ ಮೊದಲಿನಿಂದಲೂ ಆ ಮಾತಿತ್ತು. ಹುಲಿಗೆಮ್ಮ ಅಂಗಡಿಗಳ ಬೋರ್ಡು ಬರೆದು ಬದುಕಿದವಳು. ಎಲೆಕ್ಷನ್ ಬಂದಾಗ ಲೀಡರುಗಳ ಮುಖ ಬರೆಯಲು ಕರೆದರೆ ಹೋಗುತ್ತಿರಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಕವನ ಅಂದಿನಿಂದ ಅತ್ತೆಯ ಪಕ್ಕ ಕೂತು ಅಕ್ಷರಗಳಿಗೆ ಬಣ್ಣ ತುಂಬುತ್ತಿದ್ದಳು. ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಈಗ ಚಿತ್ರವನ್ನು ಎದೆಗೆ ಒತ್ತಿ ಹಿಡಿದು ನಿಂತಳು. ಕೆಳಗಿಡಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಹುಲಿಗೆಮ್ಮ ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಚಿತ್ರಕಲಾ ಶಾಲೆಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದಳು. ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲೇ ಅಲ್ಲಿ ಕ್ಲಾಸು ಶುರುವಾಗಿರುತ್ತಿತ್ತು. ಮೊದಲು ಬಂದವರು ಮಾಡೆಲ್ಲಿನ ಮುಖದೆದುರು ಹಾಳೆ ನಿಲ್ಲಿಸುವ ಈಸೆಲ್ ಹಾಕುತ್ತಿದ್ದರು. ತಡವಾದವರಿಗೆ ಗೋಡೆ ಬದಿ, ಹಿಂದುಗಡೆ.

ಮಾಡೆಲ್ಲಾಗಿ ಕೂರುತ್ತಿದ್ದವಳು ಹೂ ಮಾರುವ ದ್ಯಾಮಮ್ಮ. ಮುಂದಿದ್ದವರ ಹಾಳೆಗಳಲ್ಲೆಲ್ಲ ದ್ಯಾಮಮ್ಮ ನಗುತ್ತಿದ್ದಳು. ಹಿಂದಿನಿಂದ ಹುಲಿಗೆಮ್ಮನಿಗೆ ಬಿಗಿದ ಕುತ್ತಿಗೆ ಕಂಡಿತು, ಬೇರೆ ಬಣ್ಣದ ದಾರದಲ್ಲಿ ಹೊಲಿದ ರವಿಕೆ ಕಂಡಿತು, ಮನೆಗೆ ಹೋಗಲು ಕಾಯುತ್ತಿದ್ದ ಸೊಂಟ ಕಂಡಿತು. ನಗು ಅಂತ ಮುಖಕ್ಕೆ ಹೇಳಿದ್ದರು. ಬೆನ್ನಿಗೆ ಯಾರೂ ಏನೂ ಹೇಳಿರಲಿಲ್ಲ.

ಬೆನ್ನುಮೂಳೆ ಹೇಗೆ ಬಾಗುತ್ತದೆ, ಹೆಗಲಿನ ಮೇಲೆ ಬೆಳಕು ಎಲ್ಲಿ ಮುರಿಯುತ್ತದೆ ಎಂಬುದನ್ನು ಶ್ರೀನಿವಾಸಮೂರ್ತಿ ಮೇಷ್ಟ್ರೇ ಕಲಿಸಿದ್ದರು. ಕಲಿತದ್ದನ್ನೆಲ್ಲ ಅವಳು ಬೆನ್ನಿಗೆ ಸುರಿದಳು. ಒಮ್ಮೆ ಬಸ್ಸು ಬೇಗ ಬಂದು ಮುಂದೆ ಜಾಗ ಸಿಕ್ಕಿದ ದಿನವೂ ಈಸೆಲ್ ಎತ್ತಿಕೊಂಡು ಗೋಡೆ ಬದಿಗೆ ಹೋದಳು.

"ಮುಂದೆ ಬಾಮ್ಮ. ಜಾಗ ಇದೆಯಲ್ಲ."

"ಇಲ್ಲಿಂದಾನೇ ಕಾಣೋದು ಸಾರ್."

ಪರೀಕ್ಷೆಯಲ್ಲೂ ಬೆನ್ನು ಬರೆದು ಫೇಲಾದಳು. ಮರುವರ್ಷ ಮುಖ ಬರೆದಳು. ಕಣ್ಣಂಚಿನ ಹೊಳಪಿನವರೆಗೂ ಅದು ದ್ಯಾಮಮ್ಮನೇ. ಮೇಷ್ಟ್ರು ಅದನ್ನು ಶಾಲೆಯ ಗೋಡೆಗೆ ಹಾಕಿಸಿದರು.

"ಇದು ನಿಮಗೆ ಸಾರ್," ಎಂದಳು ಹುಲಿಗೆಮ್ಮ. "ಇನ್ಮೇಲೆ ಬರೆಯೋದೆಲ್ಲ ನಂದು."

*

ಮೇಷ್ಟ್ರು ಶಿವಮೊಗ್ಗದಿಂದ ಬಂದು ಇಳಿದಾಗ ಹೆಣಕ್ಕೆ ನೀರು ಹಾಕಿ ಮುಗಿದಿತ್ತು. ಮುಖ ಬರೆಯಲು ಬರುತ್ತಿರಲಿಲ್ಲ ಎಂಬ ಮಾತು ಅವರ ಕಿವಿಗೂ ಬಿತ್ತು.

"ಯಾರಂದಿದ್ದು? ನಮ್ಮ ಶಾಲೆ ಗೋಡೆ ಮೇಲೆ ಈಗ್ಲೂ ಇದೆ. ಹೋಗಿ ನೋಡ್ರಿ."

"ಮತ್ಯಾಕೆ ಸಾರ್ ಬರೀಲಿಲ್ಲ? ಬರೆದಿದ್ರೆ ಚೆನ್ನಾಗಿ ಬದುಕ್ತಿದ್ಲಲ್ಲ," ಎಂದ ಪರಮೇಶ್.

"ಹಟ. ನಾನು ಆಗ್ಲೂ ಒಪ್ಲಿಲ್ಲ. ಈಗ್ಲೂ ಒಪ್ಪಲ್ಲ."

ಕವನ ಅವರಿಂದ ಬೇರೆ ಮಾತು ನಿರೀಕ್ಷಿಸಿದ್ದಳು. ತಲೆ ತಗ್ಗಿಸಿದಳು. ಪರಮೇಶ್ ಫೋಟೋವನ್ನು ಚಟ್ಟದ ತಲೆಗೆ ಕಟ್ಟಿ ಹಾರ ಹಾಕಿದ. ಆ ಚಿತ್ರ ಒಳಗಿಡು ಎಂದು ಮಗಳಿಗೆ ಹೇಳಿ ಬೆಂಕಿಯ ಮಡಕೆ ಎತ್ತಿಕೊಂಡ.

ಚಟ್ಟಕ್ಕೆ ಕಟ್ಟಿ ಉಳಿದಿದ್ದ ಹಗ್ಗ ನೆಲದ ಮೇಲೆ ಬಿದ್ದಿತ್ತು. ಕವನ ಅದನ್ನು ಚೌಕಟ್ಟಿನ ಮೊಳೆಗಳಿಗೆ ಸುತ್ತಿ, ಸ್ಕೂಲ್ ಬ್ಯಾಗಿನಂತೆ ಎರಡೂ ಹೆಗಲಿಗೆ ಹಾಕಿಕೊಂಡಳು. ಚಿತ್ರ ಅವಳ ಬೆನ್ನನ್ನು ಪೂರ್ತಿ ಮುಚ್ಚಿತು. ಅಪ್ಪನನ್ನೂ ದಾಟಿ ಬೀದಿಗಿಳಿದಳು.

"ಏಯ್, ಎಲ್ಲಿಗೆ? ಹೆಣ್ಮಕ್ಕಳು ಮೂಲೆವರೆಗೆ ಅಷ್ಟೇ."

"ನಾನು ಕೊನೇವರೆಗೂ ಬರ್ತೀನಿ ಅಪ್ಪ," ಎಂದಳು ಕವನ. ಎಲ್ಲರಿಗೂ ಕೇಳಿಸಿತು.

"ನಿಲ್ಲಮ್ಮ," ಎಂದರು ಮೇಷ್ಟ್ರು.

ಅವಳು ನಿಂತಳು. ಮೇಷ್ಟ್ರು ಹಿಂದೆ ಬಂದು ಚಿತ್ರವನ್ನು ಒಮ್ಮೆ ದೂರದಿಂದ, ಒಮ್ಮೆ ಹತ್ತಿರದಿಂದ ನೋಡಿದರು. "ಎಡಗಡೆ ಇಳಿದಿದೆ," ಎಂದು ಗಂಟು ಬಿಚ್ಚಿ ಬಿಗಿಯಾಗಿ ಕಟ್ಟಿದರು. "ಹೂಂ. ನಡಿ."

ಬೀದಿಯ ಮೂಲೆಯಲ್ಲಿ ಹೆಂಗಸರೆಲ್ಲ ನಿಂತರು. ಕವನ ನಿಲ್ಲಲಿಲ್ಲ. ಬೆಂಕಿ ಹಿಡಿದ ಪರಮೇಶನೂ ಚಟ್ಟ ಹೊತ್ತವರೂ ಹೆಜ್ಜೆ ಜೋರು ಮಾಡಬೇಕಾಯಿತು. ಅವರೆಲ್ಲರ ಮುಂದೆ, ಜಡೆ ಇಳಿಬಿಟ್ಟು, ಬಲ ಭುಜ ತುಸು ಇಳಿಸಿ, ಹುಲಿಗೆಮ್ಮ ತಿರುಗಿ ನೋಡದೆ ನಡೆಯುತ್ತಿದ್ದಳು.